ಅಡುಗೆಮನೆಯಲ್ಲಿ ನಿಂತು ಗೆಲ್ಲಿಸಿದವಳು

ನಾನು ಟಿವಿ ಮುಂದೆ ಕೂತರೆ ನಮ್ಮ ಟೀಮು ಸೋಲುತ್ತದೆ. ಹದಿನಾರು ವರ್ಷ ನಮ್ಮ ಮನೆಯಲ್ಲಿ ಇದು ಎಲ್ಲರೂ ಒಪ್ಪಿಕೊಂಡಿದ್ದ ಸತ್ಯ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಹೇಮಾವತಿ ನಮ್ಮೂರ ಪಕ್ಕ ಹರಿಯುತ್ತದೆ, ಶೋಭಾ ಬಂದು ಕೂತರೆ ವಿಕೆಟ್ ಬೀಳುತ್ತದೆ. ನಮ್ಮ ಟೀಮು ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. ವರ್ಷ ವರ್ಷವೂ ಆಸೆ ಹುಟ್ಟಿಸಿ ಹೊಟ್ಟೆ ಉರಿಸಿದ ಟೀಮು ಯಾವುದೆಂದು ಈ ಕಡೆಯವರಿಗೆಲ್ಲ ಗೊತ್ತು.

ಈ ಸತ್ಯ ಶುರುವಾದದ್ದು ನಾನು ಮದುವೆಯಾಗಿ ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಬಂದ ಮೊದಲ ವರ್ಷ. ಹೊಸ ಸೊಸೆ, ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದೆ. ನಮ್ಮ ಯಜಮಾನರು ಮಹೇಶ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅತ್ತೆ ಗೌರಮ್ಮ ಗೋಡೆಗೆ ಒರಗಿ ಕಾಲು ಚಾಚಿಕೊಂಡು, ತೊಡೆಯ ಮೇಲೆ ಅವರೆಕಾಯಿ ಮೊರ ಇಟ್ಟುಕೊಂಡು, ಸುಲಿಯುವುದನ್ನು ಮರೆತು ನೋಡುತ್ತಿದ್ದರು. ನಾನು ಕಾಫಿ ಕೊಟ್ಟು ಅಲ್ಲೇ ನಿಂತೆ. ಒಂದೇ ಓವರಿನಲ್ಲಿ ಮೂರು ವಿಕೆಟ್ ಹೋದವು.

ಅತ್ತೆ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಅವ್ವಾ, ತಪ್ಪು ತಿಳ್ಕೋಬ್ಯಾಡ. ವಸಿ ಒಳೀಕಿರು ಕಣವ್ವ, ನೋಡಾನ" ಅಂದರು.

ನಾನು ನಗುತ್ತಾ ಅಡುಗೆಮನೆಗೆ ಹೋದೆ. ಅವತ್ತು ನಮ್ಮ ಟೀಮು ಗೆದ್ದುಬಿಟ್ಟಿತು. ಅತ್ತೆ ಓಡಿ ಬಂದು ನನ್ನ ಕೆನ್ನೆ ಹಿಂಡಿ, "ನಮ್ ಸೊಸೆ ಒಳಗೆ ನಿಂತು ಗೆಲ್ಲಿಸ್ಬುಟ್ಲು ಕಣ್ಲಾ!" ಅಂತ ಮಗನಿಗೆ ಕೂಗಿ ಹೇಳಿದರು. ಸೊಸೆಯ ಕಾಲ್ಗುಣದ ಮಾತು ಕೇಳಿ ಕಣ್ಣೀರು ಹಾಕಿದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ನನಗೆ ಅದೊಂದು ಪದವಿ ಇದ್ದ ಹಾಗೆ ಇತ್ತು. ಆಟ ಬಿಗಿಯಾದ ಕೂಡಲೇ ನಮ್ಮವರು, "ಏಯ್ ಶೋಭಾ, ಒಳಗೋಗೇ, ಇಬ್ರು ಚೆನ್ನಾಗಿ ಆಡ್ತಾ ಅವ್ರೆ" ಅನ್ನುವರು. ನಾನು ದೊಡ್ಡ ಜವಾಬ್ದಾರಿ ಹೊತ್ತವಳ ಹಾಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಳಗೆ ಹೋಗುವೆ. ಅಲ್ಲಿ ನಿಂತು ಅತ್ತೆಯ ಬಾಯಿಂದಲೇ ಆಟ ನೋಡುವೆ. "ಶಿವನೇ" ಅಂದರೆ ಬಾಲು ಬ್ಯಾಟಿಗೆ ತಾಗಲಿಲ್ಲ. ತೊಡೆ ತಟ್ಟಿದರೆ ನಾಲ್ಕು. "ಅಯ್ಯೋ ಮುಂಡೇದೇ" ಅಂದರೆ ಔಟು. ಆರು ಹೊಡೆದರೆ ಅವರೆಕಾಯಿ ಮೊರ ನೆಲಕ್ಕೆ ಬಿದ್ದ ಸದ್ದು.

ತಮಾಷೆ ಏನೆಂದರೆ, ಆ ಮನೆಯಲ್ಲಿ ಆಟ ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ. ನಮ್ಮಪ್ಪ ಅರಕಲಗೂಡಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ಲಗ್ನಪತ್ರಿಕೆ ಅಚ್ಚು ಹಾಕಿ ಉಳಿದ ಕಾಗದದ ತುಂಡುಗಳನ್ನು ಸೇರಿಸಿ ಹೊಲಿದು ಸ್ಕೋರ್ ಪುಸ್ತಕ ಮಾಡುತ್ತಿದ್ದರು. ಸುತ್ತಮುತ್ತ ಎಲ್ಲಿ ಟೂರ್ನಮೆಂಟ್ ಆದರೂ ಸ್ಕೋರ್ ಬರೆಯಲು ಅವರೇ ಬೇಕು. ಭಾನುವಾರ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗಿ, ಪೆನ್ಸಿಲ್ ಕೊಟ್ಟು ಬರೆಯುವುದನ್ನು ಕಲಿಸಿದರು. ಒಂದು ಸಲ ಚನ್ನರಾಯಪಟ್ಟಣದಲ್ಲಿ ಒಂದು ರನ್ನಿನಿಂದ ಸೋತವರು ಅಪ್ಪನ ಮೇಜಿನ ಸುತ್ತ ನೆರೆದು ಗಲಾಟೆ ಎಬ್ಬಿಸಿದ್ದರು. ನಾನು ಹೆದರಿ ಅಪ್ಪನ ಪಂಚೆ ಹಿಡಿದುಕೊಂಡಿದ್ದೆ. ಅಪ್ಪ ಪುಸ್ತಕ ತಿರುಗಿಸಿ ಅವರ ಮುಂದಿಟ್ಟು, ಕನ್ನಡಕ ಒರೆಸುತ್ತಾ ಕೂತರು. ಅವರು ಒಂದೊಂದೇ ಬಾಲು ಎಣಿಸಿ ನೋಡಿ, ಮುಖ ಸಣ್ಣ ಮಾಡಿಕೊಂಡು ಹೋದರು. ಬರುವಾಗ ದಾರಿಯಲ್ಲಿ ಅಪ್ಪ ನನಗೆ ಕಡಲೆಮಿಠಾಯಿ ಕೊಡಿಸಿ, ಆಗಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನನ್ನ ಕಾಯಿಲೆ ಈ ಪ್ರೀತಿಯ ತಮಾಷೆಯನ್ನೇ ಹಿಡಿದುಕೊಂಡು ಮೇಲೆ ಬಂತು. ತಮಾಷೆಯಿಂದ ಕಾಯಿಲೆ ಬರಲಿಲ್ಲ. ಡಾಕ್ಟರು ಇದನ್ನು ನನಗೂ ಅತ್ತೆಗೂ ಹತ್ತು ಸಲ ಬಿಡಿಸಿ ಹೇಳಿದ್ದಾರೆ. ಆದರೆ ಬಂದ ಕಾಯಿಲೆಗೆ ಕೂರಲು ಒಂದು ಜಾಗ ಬೇಕಲ್ಲ, ಅದು ಅಲ್ಲಿ ಕೂತಿತು.

ನಾನು ಇಲ್ಲಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಟಿ.ಸಿ. ಬರೆಯುವುದು ನನ್ನ ಕೆಲಸ. ಒಂದು ಬೆಳಿಗ್ಗೆ 'ವಿದ್ಯಾರ್ಥಿಯ ನಡತೆ' ಅನ್ನುವ ಕಡೆ ಬಂದು ನಿಂತೆ. 'ಉತ್ತಮ' ಅಂತ ಬರೆಯಬೇಕು, ಸಾವಿರ ಸಲ ಬರೆದಿದ್ದೇನೆ. ಪೆನ್ನು ಏಳಲಿಲ್ಲ. ಅರ್ಧ ಗಂಟೆ ಹಾಗೇ ಕೂತಿದ್ದೆನಂತೆ. ಆಮೇಲೆ ಒಂದೊಂದೇ ಕೈಬಿಡುತ್ತಾ ಬಂತು. ಮೊದಲು ತಲೆ ಬಾಚುವುದು ಬೇಜಾರಾಯಿತು, ಆಮೇಲೆ ತಿನ್ನುವುದು, ಆಮೇಲೆ ಮಾತು. ಸಾರಿಗೆ ಎರಡು ಸಲ ಉಪ್ಪು ಹಾಕುವೆ, ಇಲ್ಲವೇ ಹಾಕುವುದೇ ಇಲ್ಲ. ಬೆಳಗಿನ ಜಾವ ಎಚ್ಚರವಾದರೆ ಎದೆಯ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗೆ. ಅಳು ಬರುತ್ತಿತ್ತಾ ಅಂತ ಎಲ್ಲರೂ ಕೇಳುತ್ತಾರೆ. ಅಳು ಬಂದಿದ್ದರೆ ಪುಣ್ಯ ಅನ್ನುವ ಹಾಗಿತ್ತು.

ಆ ವರ್ಷ ನಮ್ಮ ಟೀಮು ಸಾಲಾಗಿ ಸೋಲುತ್ತಿತ್ತು. ನಾನು ಯಾರೂ ಹೇಳದೆಯೇ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಆದರೂ ಸೋಲುತ್ತಿದ್ದರು. ಹಾಗಾದರೆ ಅಡುಗೆಮನೆ ಸಾಲದು ಅಂತ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಿವಿ ಮುಚ್ಚಿಕೊಂಡು ಕೂತೆ. ಒಳಗಿನಿಂದ "ಅಯ್ಯೋ ಮುಂಡೇದೇ" ಅಂತ ಅತ್ತೆಯ ದನಿ ಬೆರಳ ಸಂದಿಯಿಂದ ತೂರಿ ಬಂದರೆ, ಅದು ನನಗೇ ಬೈದ ಹಾಗೆ ಕೇಳುತ್ತಿತ್ತು. ಹೊರಗಿನವರಿಗೆ ಇದು ನಗೆಪಾಟಲು. ನನಗೆ ಆಗ ಇದು ಲೆಕ್ಕದಷ್ಟು ಖಚಿತ. ಮಗಳು ಸಿಂಚನಾ ಎಸೆಸೆಲ್ಸಿ ಪರೀಕ್ಷೆಗೆ ಹೊರಟ ದಿನ ನಾನು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಒಳಗೇ ಇದ್ದೆ. "ಅಮ್ಮಾ, ಹೋಗ್ಬರ್ತೀನಿ" ಅಂತ ಬಾಗಿಲು ತಟ್ಟಿದಳು. ನಾನು ನೋಡಿದರೆ ಇವಳು ಫೇಲಾಗುತ್ತಾಳೆ ಅಂತ ಬಾಯಿಗೆ ಸೆರಗು ಒತ್ತಿಕೊಂಡು ಸುಮ್ಮನಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು ಹೋದಳು. ಆ ಚಪ್ಪಲಿ ಸದ್ದು ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ಅಪ್ಪನ ಆಪರೇಷನ್ ಬಂತು. ಹರ್ನಿಯಾ. ಹಾಸನದ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ ಹತ್ತಕ್ಕೆ. ಅಮ್ಮ ಅಪ್ಪನ ಜೊತೆ ಹಿಂದಿನ ದಿನವೇ ಹೋಗಿದ್ದಳು. ನಮ್ಮವರು ಬೈಕಿನಲ್ಲಿ ಮುಂಚೆ ಹೊರಟರು. ನಾನು ಬಸ್ಸಿನಲ್ಲಿ ಬರುತ್ತೇನೆ ಅಂದಿದ್ದೆ, ಬಂದೆ ಕೂಡ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ಕಾಲು ಏಳಲಿಲ್ಲ. ನಾನು ಒಳಗೆ ಹೋದರೆ ಅಪ್ಪ ಉಳಿಯುವುದಿಲ್ಲ ಅನ್ನುವುದು ನನಗೆ ಅಷ್ಟು ಸ್ಪಷ್ಟವಾಗಿತ್ತು. ಕಲ್ಲುಬೆಂಚಿನ ಮೇಲೆ ಕೂತೆ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅರಸೀಕೆರೆ, ಬೇಲೂರು, ಸಕಲೇಶಪುರ ಅಂತ ಕೂಗುವವರು ಕೂಗುತ್ತಿದ್ದರು. ನಾನು ಮಧ್ಯಾಹ್ನ ಎರಡು ಗಂಟೆಯವರೆಗೆ ಅಲ್ಲೇ ಕೂತಿದ್ದೆ.

ನಮ್ಮವರು ಹುಡುಕಿಕೊಂಡು ಬಂದರು. ಸಿಟ್ಟಿನಲ್ಲಿ ಬಂದವರು ನನ್ನನ್ನು ನೋಡಿ ಪಕ್ಕದಲ್ಲಿ ಕೂತರು.

"ಎಲ್ಲೋಗಿದ್ದೆ? ನಿಮ್ಮಪ್ಪ ಕಣ್ ಬಿಟ್ಟೇಟಿಗೆ ನಿನ್ನೇ ಕೇಳಿದ್ರು. ಆಪರೇಷನ್ ಚೆನ್ನಾಗಾಯ್ತು."

"ನಾನು ಬರಲಿಲ್ಲವಲ್ಲ, ಅದಕ್ಕೇ ಚೆನ್ನಾಗಾಯ್ತು" ಅಂದೆ.

ಅವರು ಮೊದಲು ನಕ್ಕರು. ಮನೆಯ ಹಳೇ ತಮಾಷೆ ಅಂದುಕೊಂಡರು ಪಾಪ. ನಗುತ್ತಾ ನನ್ನ ಕಡೆ ತಿರುಗಿದವರು ನನ್ನ ಮುಖ ನೋಡಿದರು. ನಗು ನಿಂತುಹೋಯಿತು. ಎದ್ದು ಹೋಗಿ ಎರಡು ಟೀ ತಂದರು. ನನ್ನ ಟೀ ಆರಿಸಿ ಕೈಗೆ ಕೊಟ್ಟರು. "ಕುಡಿ ಶೋಭಾ. ಆಮೇಲೆ ನೋಡಾನ" ಅಂದರು. ಹದಿನಾರು ವರ್ಷದ ಸಂಸಾರದಲ್ಲಿ ಅವರು ಟೀ ಆರಿಸಿ ಕೊಟ್ಟದ್ದು ಅದೇ ಮೊದಲು.

ಅದಾಗಿ ಒಂದು ವಾರಕ್ಕೆ ಹಾಸನದಲ್ಲೇ ಒಬ್ಬ ಮಾನಸಿಕ ವೈದ್ಯೆಯ ಹತ್ತಿರ ಹೋದೆವು. ನಾನು ಸೆರಗು ಮುಖದವರೆಗೂ ಎಳೆದುಕೊಂಡು ಕೂತಿದ್ದೆ, ಯಾರಾದರೂ ನಮ್ಮೂರಿನವರು ನೋಡಿಯಾರು ಅಂತ. ಸುತ್ತ ನೋಡಿದರೆ ಅಲ್ಲಿದ್ದವರೆಲ್ಲ ಹಾಗೇ ಕೂತಿದ್ದರು. ಒಬ್ಬರು ಪೇಪರ್ ಅಡ್ಡ ಹಿಡಿದಿದ್ದರು, ಇನ್ನೊಬ್ಬರು ಆ ಬಿಸಿಲಲ್ಲೂ ಮಂಕಿ ಕ್ಯಾಪು ಹಾಕಿದ್ದರು.

ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ನಿದ್ದೆ, ಊಟ, ಕೆಲಸ ಎಲ್ಲ ಕೇಳಿ, "ನಿಮ್ಮಿಂದ ಯಾರಿಗಾದ್ರೂ ಒಳ್ಳೇದಾಗಿದ್ದು ಇದೆಯಾ?" ಅಂತ ಕೇಳಿದರು.

"ಅಡುಗೆಮನೇಲಿ ನಿಂತಾಗ ಗೆದ್ದಿದ್ದಾರೆ" ಅಂದೆ.

ಅವರ ಪೆನ್ನು ನಿಂತಿತು. "ಯಾರು ಗೆದ್ದಿದ್ದಾರೆ?"

ಹೇಳಿದೆ. ಅವರು ನಗಲಿಲ್ಲ. "ನನಗೆ ಕ್ರಿಕೆಟ್ ಒಂದು ಚೂರೂ ಗೊತ್ತಿಲ್ಲಮ್ಮ. ವಿಕೆಟ್ ಬೀಳೋದು ಅಂದ್ರೆ ಏನು? ನಿಧಾನವಾಗಿ ಹೇಳಿಕೊಡಿ" ಅಂದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಮೇಜಿನ ಮೇಲೆ ಪೆನ್ ಸ್ಟ್ಯಾಂಡು, ಸೀಲು, ಪೇಪರ್‌ವೇಟು ಇಟ್ಟು ಅವರಿಗೆ ಎಲ್.ಬಿ.ಡಬ್ಲ್ಯೂ.ವರೆಗೂ ವಿವರಿಸಿದೆ. ಆ ತಿಂಗಳಿಡೀ ನಾನು ಅಷ್ಟು ಮಾತು ಆಡಿರಲಿಲ್ಲ. ಎಲ್ಲ ಕೇಳಿಸಿಕೊಂಡು ಅವರು ಮೆಲ್ಲಗೆ, "ನೀವೇ ಇಲ್ಲದಿದ್ರೆ ಮನೆಯವರೆಲ್ಲ ಗೆಲ್ತಾರೆ ಅಂತ ಅನ್ನಿಸುತ್ತಾ?" ಅಂದರು.

"ಹೌದು" ಅಂದೆ.

ಆ ಒಂದು ಮಾತು ಯಾರ ಮುಂದೆಯೂ ಆಡಿರಲಿಲ್ಲ. ಆಡಿದ ಮೇಲೆ ಅಳು ಬಂತು. ಎಷ್ಟೋ ದಿನದಿಂದ ನಿಂತಿದ್ದ ಅಳು. ಡಾಕ್ಟರು ಕಾದರು. ಆಮೇಲೆ, "ಇದಕ್ಕೆ ಹೆಸರಿದೆ, ಔಷಧಿ ಇದೆ, ಖಿನ್ನತೆ ಅಂತಾರೆ. ನೀವು ಮೊದಲನೆಯವರಲ್ಲ" ಅಂದರು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ನನ್ನಂಥದೇ 'ಹೌದು' ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ, ದಯವಿಟ್ಟು ಒಬ್ಬರ ಹತ್ತಿರವಾದರೂ ಹೇಳಿ. ಒಳಗೇ ಇಟ್ಟುಕೊಂಡರೆ ಅದು ಬೆಳೆಯುತ್ತದೆ.

ನಮ್ಮವರನ್ನು ಒಳಗೆ ಕರೆದು, ಸದ್ಯಕ್ಕೆ ಒಬ್ಬಳನ್ನೇ ಬಿಡಬೇಡಿ ಅಂತ ಹೇಳಿದರು. ಅವತ್ತಿನಿಂದ ಅತ್ತೆ ಚಾಪೆ ಸುತ್ತಿಕೊಂಡು ನನ್ನ ಕೋಣೆಗೆ ಬಂದುಬಿಟ್ಟರು. ಕಾರಣ ಕೇಳಿದರೆ, "ನನ್ ರೂಮಿನ್ ಫ್ಯಾನು ಲಟಲಟ ಅಂತದೆ ಕಣವ್ವ" ಅಂದರು. ಆ ಫ್ಯಾನು ಆರು ವರ್ಷದಿಂದ ಲಟಲಟ ಅನ್ನುತ್ತಿತ್ತು.

ಅತ್ತೆಗೆ ಮಾತ್ರೆಯ ಮೇಲೆ ನಂಬಿಕೆ ಇರಲಿಲ್ಲ. ಅವರ ತವರು ಹಾಸನದ ಹತ್ತಿರದ ಮೊಸಳೆ ಅನ್ನುವ ಊರು. ಅಲ್ಲಿಂದ ಯಾರನ್ನೋ ಕೇಳಿ ಬಂದು ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದರು. ನಮ್ಮವರದು ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಅಂಗಡಿ. ಅವರು ತಾಯಿಗೆ ತಮಗೆ ಗೊತ್ತಿದ್ದ ಭಾಷೆಯಲ್ಲೇ ಹೇಳಿದರು. "ಅಮ್ಮಾ, ಮೋಟ್ರು ಸುಟ್ಟೋದ್ರೆ ಮೋಟ್ರಿಗೆ ಬಯ್ತೀವಾ? ಕರೆಂಟು ಸರ್ಯಾಗಿ ಬಂದಿಲ್ಲ ಅಂತೀವಿ. ಬಿಚ್ತೀವಿ, ಹೊಸ ತಂತಿ ಸುತ್ತೀವಿ, ವಾರ್ನಿಷ್ ಕೊಟ್ಟು ಒಣಗಾಕ್ತೀವಿ. ಒಣಗಾಕೆ ಟೈಮ್ ಬೇಕು. ಅರ್ಜೆಂಟ್ ಮಾಡಿದ್ರೆ ತಿರ್ಗಾ ಸುಟ್ಟೋಯ್ತದೆ." ಬೇರೆ ಹೊತ್ತಿನಲ್ಲಾದರೆ ಹೆಂಡತಿಯನ್ನು ಮೋಟರಿಗೆ ಹೋಲಿಸಿದ್ದಕ್ಕೆ ಒಂದು ಜಗಳ ಕಾದೇ ಇರುತ್ತಿತ್ತು. ಅವತ್ತು ಹೊದ್ದು ಮಲಗಿದ್ದಲ್ಲಿಂದಲೇ ಕೇಳಿ, ಯಾರೋ ಬೆನ್ನು ಸವರಿದ ಹಾಗಾಯಿತು.

ನಮ್ಮವರು ಹಿತ್ತಲ ಕಲ್ಲಿನ ಕಥೆಯನ್ನೂ ಬಸ್ ಸ್ಟ್ಯಾಂಡಿನ ಕಥೆಯನ್ನೂ ತಾಯಿಗೆ ಹೇಳಿದ್ದರು. ಮಾರನೇ ದಿನ ಎದ್ದು ನೋಡಿದರೆ ಟಿವಿಯ ಮೇಲೆ ಅತ್ತೆಯ ಹಳೇ ಸೀರೆ ಮುಚ್ಚಿತ್ತು. ಅವತ್ತು ಮ್ಯಾಚ್ ಇತ್ತು. ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದ ಮನೆಯಿಂದ ಗದ್ದಲ ಕೇಳಿದಾಗ ಕೈ ಅಷ್ಟೇ ನಿಲ್ಲುತ್ತಿತ್ತು. ಆಟಗಾರರ ಮನೆ ಸಮಾಚಾರವನ್ನೂ ಬಲ್ಲ ಹೆಂಗಸು, ಸ್ಕೋರು ಎಷ್ಟು ಅಂತಲೂ ಕೇಳಲಿಲ್ಲ. ಒಂದೇ ಒಂದು ಸಲ ನನ್ನ ಹತ್ತಿರ ಬಂದು, "ನಾನು ಆಟಕ್ಕಂದಿದ್ದು ಕಣ್ ಮಗಾ. ನಿನ್ ಮನ್ಸಿಗೆ ಅಂಗೆ ನಾಟ್ಕಂತದೆ ಅಂತ ನಂಗೆ ಗೊತ್ತಾಗ್ನಿಲ್ವಲ್ಲಾ" ಅಂತ ಕಣ್ಣು ಒರೆಸಿಕೊಂಡರು.

ಪ್ರೀತಿಯಿಂದ ಮಾಡಿದ್ದು ನಿಜ. ಆದರೆ ಕಾಯಿಲೆಯ ಲೆಕ್ಕವೇ ಬೇರೆ. ನನ್ನಿಂದ ಆ ಮುದುಕಿಯ ಒಂದೇ ಒಂದು ಸಂತೋಷವೂ ಹೋಯಿತಲ್ಲ ಅಂತ ನಾನು ಇನ್ನೂ ಕುಗ್ಗಿದೆ. ಮುಂದಿನ ಸಲ ಹೋದಾಗ ಡಾಕ್ಟರಿಗೆ ಹೇಳಿದೆ. "ಟಿವಿ ಏನು ತಪ್ಪು ಮಾಡಿದೆ? ಸೀರೆ ತೆಗೀರಿ. ನೀವೇ ತೆಗೀಬೇಕು, ಅವರಲ್ಲ. ಯಾವಾಗ ಆಗುತ್ತೋ ಆವಾಗ" ಅಂದರು. ನನಗೆ ಬಹಳ ದಿನ ಆಗಲಿಲ್ಲ.

ಮಾತ್ರೆ ಮೊದಲ ಎರಡು ವಾರ ಬಾಯಿ ಒಣಗಿಸಿ, ಹೊಟ್ಟೆ ತೊಳಸಿತೇ ಹೊರತು ಮತ್ತೇನೂ ಮಾಡಲಿಲ್ಲ. ಬಿಟ್ಟುಬಿಡುತ್ತೇನೆ ಅಂತ ಎರಡು ಸಲ ಅಂದೆ. ನಮ್ಮವರು ಏನೂ ವಾದ ಮಾಡದೆ ಮಾತ್ರೆಯನ್ನೂ ನೀರನ್ನೂ ಹಿಡಿದು ಎದುರಿಗೆ ನಿಂತಿರುತ್ತಿದ್ದರು. ಎಷ್ಟು ಹೊತ್ತು ಅಂತ ನಿಲ್ಲಿಸುವುದು, ನುಂಗುತ್ತಿದ್ದೆ. ಒಂದು ತಿಂಗಳು ಕಳೆದ ಮೇಲೆ ಒಂದು ದಿನ ಒಗ್ಗರಣೆಯ ಕರಿಬೇವಿನ ವಾಸನೆ ಮೂಗಿಗೆ ಬಂತು. ಇಷ್ಟು ದಿನ ಈ ವಾಸನೆ ಎಲ್ಲಿ ಹೋಗಿತ್ತು ಅಂತ ಆಶ್ಚರ್ಯವಾಯಿತು. ನನ್ನ ಮಟ್ಟಿಗೆ ವಾಸಿಯಾಗಲು ಶುರುವಾದದ್ದು ಹಾಗೆ. ಅವತ್ತು ಸಿಂಚನಾಳನ್ನು ಕರೆದು ಕೂರಿಸಿಕೊಂಡು, ಪರೀಕ್ಷೆಯ ದಿನ ಬಾಗಿಲು ಯಾಕೆ ತೆಗೆಯಲಿಲ್ಲ ಅಂತ ಹೇಳಿದೆ. ಅವಳು ಆಗಲೇ ಪಾಸಾಗಿದ್ದಳು. "ನಾನೇನೋ ತಪ್ಪು ಮಾಡಿದ್ದೀನಿ ಅನ್ಕೊಂಡಿದ್ದೆ ಕಣಮ್ಮ" ಅಂದಳು. ಇಬ್ಬರೂ ಅತ್ತೆವು. ಮನೆಯಲ್ಲಿ ನಾನೊಬ್ಬಳೇ ಹಾಗೆ ಯೋಚಿಸುತ್ತಿದ್ದೇನೆ ಅಂದುಕೊಂಡಿದ್ದೆ, ನೋಡಿ.

ಆ ಮೇಲಿನ ಒಂದು ಶನಿವಾರದ ಕಥೆ ಹೇಳಲೇಬೇಕು. ಮಧ್ಯಾಹ್ನದ ಮ್ಯಾಚು ಇತ್ತು, ನನಗೆ ಡಾಕ್ಟರ ಹತ್ತಿರ ಸಂಜೆಯ ಟೋಕನ್ ಇತ್ತು. ಕಾಯುವ ಕೋಣೆ ತುಂಬಿತ್ತು. ಎಲ್ಲರೂ ಎಂದಿನಂತೆ ತಲೆ ತಗ್ಗಿಸಿ ಕೂತಿದ್ದೆವು. ನನ್ನ ಪಕ್ಕದಲ್ಲಿ ಬಾಗೂರಿನ ತಮ್ಮಣ್ಣ ಅನ್ನುವವರು, ಅರವತ್ತು ದಾಟಿದ ಬಿಳಿ ಪಂಚೆಯ ರೈತರು, ಫೋನನ್ನು ಕಿವಿಗೆ ಒತ್ತಿಕೊಂಡಿದ್ದರು. ಯಾರ ಜೊತೆಯೋ ಮಾತಾಡುತ್ತಿದ್ದಾರೆ ಅಂದುಕೊಂಡೆ. ಇದ್ದಕ್ಕಿದ್ದ ಹಾಗೆ ಅವರು "ಥತ್!" ಅಂದರು.

ಮೊದಲ ಸಲ ಕಂಡಿದ್ದ ಮಂಕಿ ಕ್ಯಾಪಿನವರು ಅವತ್ತೂ ಇದ್ದರು, ತಲೆ ಎತ್ತಿದರು. "ಔಟಾ?"

"ಊಂ ಸಾ. ಹದಿನೆಂಟು ಬಾಲಿಗೆ ಇಪ್ಪತ್ತೊಂಬತ್ತು ಬೇಕು."

"ವಸಿ ಜೋರಾಗಿ ಇಡಿ ಯಜಮಾನ್ರೇ" ಅಂತ ಇನ್ನೊಂದು ಮೂಲೆಯಿಂದ ಬಂತು. ತಮ್ಮಣ್ಣನವರು ಫೋನನ್ನು ಕುರ್ಚಿಯ ಮೇಲಿಟ್ಟು ಸೌಂಡ್ ಜಾಸ್ತಿ ಮಾಡಿದರು. ಪೇಪರುಗಳು ಕೆಳಗಿಳಿದವು. ಸೆರಗುಗಳು ಹಿಂದೆ ಸರಿದವು. ನಾನು ಎದ್ದು ಬಾಗಿಲ ಕಡೆಗೆ ನಡೆದೆ.

"ಯಾಕವ್ವಾ, ಎದ್ದೋಯ್ತಿದ್ದೀಯ?" ತಮ್ಮಣ್ಣನವರು ಕೇಳಿದರು.

ಹೇಳಬಾರದು ಅಂದುಕೊಂಡೆ. ಆದರೆ ಆ ಕೋಣೆಯಲ್ಲಿ ಯಾರ ಮುಂದೆ ಏನು ಮುಚ್ಚಿಡುವುದು. "ನಾನಿದ್ದರೆ ಸೋಲ್ತಾರೆ" ಅಂದೆ.

ಅವರು ಬಾಯಿ ಬಿಟ್ಟು ನನ್ನನ್ನೇ ನೋಡಿದರು. "ಅದೆಂಗಾಯ್ತದೆ? ಸೋಲಾದು ನನ್ನಿಂದ ಅಲ್ವಾ? ನಮ್ಮನೇಲಿ ನನ್ನ ಟಿವಿ ಮುಂದೆ ಕುಂದ್ರಾಕೆ ಬುಡದೇ ಇಲ್ಲ. ದನದ ಕೊಟ್ಗೆಗೆ ಓಗಿ ನಿಂತ್ಕ ಅಂತಾರೆ ಮಕ್ಳು. ಇಲ್ಲಿಗೆ ಬಂದು ಕೇಳ್ತಾ ಇರದೇ ಅದ್ಕೆ."

ಮಂಕಿ ಕ್ಯಾಪಿನವರು ಗಂಟಲು ಸರಿಮಾಡಿಕೊಂಡು, "ನಾನು ಹಸಿರು ಟವಲ್ ಹೆಗಲ ಮೇಲೆ ಹಾಕಿದ್ರೆ..." ಅಂತ ಶುರುಮಾಡಿದರು. ಕೋಣೆಯಲ್ಲಿ ನಗು ಎದ್ದಿತು. ನಾನು ಬಾಗಿಲ ಬಳಿ ನಿಂತೇ ಯೋಚಿಸಿದೆ. ಇವರು ಬಾಗೂರಿನ ಕೊಟ್ಟಿಗೆಯಲ್ಲಿ ನಿಂತಿದ್ದ ದಿನ ನಾನು ಹೊಳೆನರಸೀಪುರದ ಹಿತ್ತಲಲ್ಲಿ ಕೂತಿದ್ದೆ. ಸೋತದ್ದು ಯಾರಿಂದ? ಅಪ್ಪನ ಸ್ಕೋರ್ ಪುಸ್ತಕದಲ್ಲಿ ಒಂದು ವಿಕೆಟ್ಟನ್ನು ಇಬ್ಬರು ಬೌಲರುಗಳ ಹೆಸರಿಗೆ ಬರೆಯಲು ಬರುವುದಿಲ್ಲ.

"ಬಾ ತಾಯಿ, ಕುಂತ್ಕ. ಇವತ್ತು ಇಬ್ರೂ ಇದ್ದೀವಿ, ಅದೆಂಗೆ ಗೆಲ್ತಾರೋ ನೋಡೇಬುಡಾನ" ಅಂದರು ತಮ್ಮಣ್ಣ.

ಕೂತೆ. ಟೋಕನ್ ನಂಬರ್ ಕರೆದರೂ ಆ ನಂಬರಿನವರು ಏಳಲಿಲ್ಲ. ಸಿಸ್ಟರು ಸಿಟ್ಟಿನಿಂದ ಹೊರಗೆ ಬಂದು, "ಇದೇನು ಆಸ್ಪತ್ರೆನಾ ಸಂತೆನಾ?" ಅಂದು, ಆಮೇಲೆ ಬಾಗಿಲಿಗೆ ಒರಗಿ "ಎಷ್ಟು ಬೇಕು ಈಗ?" ಅಂದರು. ಎರಡು ಬಾಲು ಉಳಿದಿರುವಾಗ ನಮ್ಮ ಟೀಮು ಗೆದ್ದಿತು. ಬದುಕು ಬೇಜಾರಾಗಿದೆ ಅಂತ ಬಂದ ಹನ್ನೆರಡು ಜನ ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದೆವು. ತಮ್ಮಣ್ಣನವರ ಕಣ್ಣು ತುಂಬಿತ್ತು. "ನನ್ನೆಂಡ್ತಿ ತೀರ್ಕಂಡ್ಮೇಲೆ ಇವತ್ತೇ ಕಣವ್ವ ನಾನು ಪೂರ್ತಿ ಕೇಳಿದ್ದು" ಅಂದರು.

ಆ ಭಾನುವಾರ ಅರಕಲಗೂಡಿಗೆ ಹೋದೆ. ಆಪರೇಷನ್ನಿಗೆ ಬರದೆ ಇದ್ದದ್ದಕ್ಕೆ ಅಪ್ಪನ ಮುಖ ನೋಡಲು ಅಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲ. ಬಾಗಿಲಲ್ಲಿ ನಿಂತೇ, "ಅಪ್ಪಾ, ನನ್ನಿಂದ ನಿಮಗೆ ಏನಾದರೂ ಆಗುತ್ತೆ ಅಂತ ಹೆದರಿ ಬರಲಿಲ್ಲ" ಅಂದೆ. ಅಪ್ಪ ಎದ್ದು ಒಳಗೆ ಹೋದರು. ವಾಪಸ್ ಬಂದಾಗ ಕೈಯಲ್ಲಿ ಹೊಸದಾಗಿ ಹೊಲಿದ ಪುಸ್ತಕ ಇತ್ತು. ಹಾಸಿಗೆ ಹಿಡಿದಿದ್ದಾಗ ಹೊಲಿದದ್ದಂತೆ. ಹಾಳೆಗಳ ಹಿಂದೆ ಯಾರದೋ ಮದುವೆಯ ಅರಿಶಿನ ಬಣ್ಣದ ಗಣಪತಿ.

"ಚನ್ನರಾಯಪಟ್ಟಣದ ಜಗಳ ಜ್ಞಾಪಕ ಐತಾ?" ಅಂದರು. "ಅವತ್ತು ನನ್ನಿಂದ ಸೋತ್ವಿ ಅಂತ ಎಲ್ರೂ ಬೈದ್ರು. ಸ್ಕೋರ್ ಬರ್ಯೋನಿಂದ ಯಾರೂ ಔಟಾಗಲ್ಲ ಕಣೇ ಮಗಳೇ. ಔಟಾಗಿದ್ದು ಬರ್ಕೊಳೋದಷ್ಟೇ ನಮ್ ಕೆಲಸ. ಕೂತು ಬರಿ."

ಮನೆಗೆ ಬಂದವಳೇ ಟಿವಿಯ ಮೇಲಿನ ಸೀರೆ ತೆಗೆದು ಮಡಿಸಿ ಅತ್ತೆಯ ಪೆಟ್ಟಿಗೆಯಲ್ಲಿಟ್ಟೆ. ಅತ್ತೆ ನೋಡಿಯೂ ನೋಡದವರ ಹಾಗೆ ಇದ್ದರು. ಆದರೆ ಅವತ್ತು ರಾಗಿಮುದ್ದೆ ಒಂದು ಹೆಚ್ಚು ಉಂಡರು.

ಇನ್ನೊಂದು ಮಧ್ಯಾಹ್ನದ ಮ್ಯಾಚು ಬಂತು. ಈ ಸಲ ಸೋತರೆ ನಮ್ಮ ಟೀಮು ಮನೆಗೆ. ನಮ್ಮವರು ಅಂಗಡಿ ಮುಚ್ಚಿ ಬಂದರು. ಸಿಂಚನಾ ತಂದೆಯ ಕುರ್ಚಿಯ ಪಕ್ಕ. ಅತ್ತೆ ಮೊರದ ಜೊತೆ ಗೋಡೆಗೆ. ನಾನು ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ, ತೊಡೆಯ ಮೇಲೆ ಅಪ್ಪನ ಪುಸ್ತಕ, ಕೈಯಲ್ಲಿ ಪೆನ್ಸಿಲ್. ಬರೆಯುತ್ತಾ ಹೋದೆ. ಚುಕ್ಕಿ, ಚುಕ್ಕಿ, ಒಂದು, ನಾಲ್ಕು. ನಮ್ಮ ಟೀಮಿನ ವಿಕೆಟ್ ಬಿದ್ದಾಗಲೂ ಬರೆದೆ. ಕೊನೆಯ ಓವರಿಗೆ ಎದುರಿನವರಿಗೆ ಹನ್ನೊಂದು ಬೇಕಿತ್ತು, ಬೌಲಿಂಗ್ ನಮ್ಮದು. ಮೊದಲ ಬಾಲು ನಾಲ್ಕು ಹೋಯಿತು. ಎರಡನೆಯದು, ಮೂರನೆಯದು ಒಂದೊಂದು. ನನಗೆ ತಡೆಯಲಾಗಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಎದ್ದೆ. ಹದಿನಾರು ವರ್ಷದ ಅಭ್ಯಾಸ, ಕಾಲು ತಾನಾಗಿಯೇ ಅಡುಗೆಮನೆಯ ಕಡೆ ತಿರುಗಿತು.

ಅತ್ತೆ ಟಿವಿಯಿಂದ ಕಣ್ಣು ಕೀಳದೆಯೇ ನನ್ನ ಸೆರಗು ಹಿಡಿದು ಜಗ್ಗಿದರು. "ಕುಂತ್ಕ ಮಗಾ. ಸೋತ್ರೆ ಎಲ್ರೂ ಇಲ್ಲೇ ಕುಂತು ಸೋಲಾನ."

ಕೂತೆ. ನಾಲ್ಕನೆಯ ಬಾಲು ಚುಕ್ಕಿ. ಐದನೆಯದು ಫುಲ್‌ಟಾಸ್, ಸೊಂಟದ ಎತ್ತರಕ್ಕೆ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಆರು ಹೋಯಿತು. ಮುಗಿಯಿತು.

ಅತ್ತೆ ಬೈಯಲು ಶುರುಮಾಡಿದರು. ಮೊದಲು ಬೌಲರಿಗೆ, ಆಮೇಲೆ ಅವನಿಗೆ ಬಾಲು ಕೊಟ್ಟ ಕ್ಯಾಪ್ಟನ್ನಿಗೆ, ಕ್ಯಾಚು ಬಿಟ್ಟವನಿಗೆ, ಟಾಸಿಗೆ, ಪಿಚ್ಚಿಗೆ, ಅಂಪೈರಿಗೆ, ಕೊನೆಗೆ ಹೆಸರೇ ಗೊತ್ತಿಲ್ಲದ ಒಬ್ಬ ಕೋಚಿಗೆ. ನಮ್ಮವರು ಮಧ್ಯೆ ಮಧ್ಯೆ ಬಿಟ್ಟುಹೋದವರ ಹೆಸರು ಸೇರಿಸುತ್ತಿದ್ದರು. ನಾನು ಪುಸ್ತಕದ ಮೇಲೆ ಕಣ್ಣಿಟ್ಟು, ನನ್ನ ಹೆಸರು ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೆ. ಪಟ್ಟಿ ಮುಗಿಯಿತು. ಬರಲಿಲ್ಲ.

ನಾನು ಈಗಲೂ ಮಾತ್ರೆ ತೆಗೆದುಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಹಾಸನಕ್ಕೆ ಹೋಗುತ್ತೇನೆ. ಕೆಲವು ಬೆಳಿಗ್ಗೆ ಆ ಅಕ್ಕಿ ಮೂಟೆ ಎದೆಯ ಮೇಲೆ ಬಂದು ಕೂರುವುದುಂಟು, ಆಗ ಯಾರನ್ನಾದರೂ ಎಬ್ಬಿಸಿ ಹೇಳುತ್ತೇನೆ. ಆದರೆ ಆ ಮಧ್ಯಾಹ್ನ ನಾನು ಪೆನ್ಸಿಲ್ ಎತ್ತಿಕೊಂಡು ಆ ಕೊನೆಯ ಆರನ್ನು ಬೌಲರನ ಹೆಸರಿನ ಮುಂದೆ ಬರೆದೆ. ಅವನ ಹೆಸರಿನ ಮುಂದೆ. ಬರೆಯುತ್ತಿದ್ದ ಹಾಗೇ ಸಿಟ್ಟು ಉಕ್ಕಿ ಬಂತು.

"ಯಾವನ್ರೀ ಇವನು! ಕೊನೇ ಓವರಲ್ಲಿ ಫುಲ್‌ಟಾಸ್ ಹಾಕೋಕೆ ಇವನಿಗೆ ಬುದ್ಧಿ ಇಲ್ವಾ?"

ಮೂವರೂ ನನ್ನ ಕಡೆ ತಿರುಗಿದರು. ಅತ್ತೆಯ ಕೈಯ ಮೊರ ಜಾರಿ ಅವರೆಕಾಯಿ ನೆಲದ ತುಂಬ ಚೆಲ್ಲಿತು.

"ಅಂಗೆ!" ಅಂದರು ಅತ್ತೆ, ಕಣ್ಣಲ್ಲಿ ನೀರು ತುಂಬಿಕೊಂಡು. "ಇನ್ನೊಂದ್ಸಲ ಬಯ್ಯಿ ಮಗಾ."